ಮೂಳೆ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆ: ದಾಖಲಾಗುವ ಮೊದಲು ರೋಗಿ ಮಾಡಿಕೊಳ್ಳಬೇಕಾದ ಸಿದ್ಧತೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಆಸ್ಪತ್ರೆಯೊಂದರ ಮೂಳೆ ವಿಭಾಗದ ವಾರ್ಡಿಗೆ ಪರಮಪ್ರಸಾದ ಕೊಂಡುಹೋಗಿದ್ದೆ. 68 ವರ್ಷ ಪ್ರಾಯದ ಬಾಯಿಯೊಬ್ಬರು ಮಂಚದ ಅಂಚಿನಲ್ಲಿ ಕುಳಿತು ಅಳುತ್ತಿದ್ದರು. ಅಂದು ಅವರ ಬಲ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ರಕ್ತಪರೀಕ್ಷೆ, ಎಕ್ಸ್‌ರೇ, ಹೃದಯದ ಪರೀಕ್ಷೆ ಎಲ್ಲವೂ ಮುಗಿದಿತ್ತು. ಮಗ ಕುವೈತಿನಿಂದ 20 ದಿನಗಳ ರಜೆ ಹಾಕಿ ಬಂದಿದ್ದ. ಆದರೆ ಅರಿವಳಿಕೆ ತಜ್ಞರು ಕೊನೆಯ ಸಲ ವಿಚಾರಿಸುವಾಗ, ಅವರ ಪರ್ಸಿನೊಳಗೆ ಜಪಮಾಲೆಯ ಜೊತೆ ಇದ್ದ ಮಾತ್ರೆಯ ಸ್ಟ್ರಿಪ್ ಒಂದು ಹೊರಗೆ ಬಂತು. ರಕ್ತ ತೆಳುವಾಗಿಸುವ ಕ್ಲೋಪಿಡೊಗ್ರೆಲ್ ಮಾತ್ರೆ. ಎರಡು ವರ್ಷಗಳ ಹಿಂದೆ ಒಂದು ಕೈ ಮರಗಟ್ಟಿದಾಗ ಬೇರೆ ವೈದ್ಯರು ಬರೆದುಕೊಟ್ಟದ್ದು. ಹಿಂದಿನ ದಿನದವರೆಗೂ ಅವರು ಅದನ್ನು ನುಂಗಿದ್ದರು.

"ಹೇಳಿದರೆ ಡೇಟು ಮುಂದೆ ಹಾಕುತ್ತಾರೆ ಅಂತ ಹೇಳಲಿಲ್ಲ ಫಾದರ್. ಮಗನ ರಜೆ ಮುಗಿದರೆ ನನ್ನನ್ನು ನೋಡುವವರು ಯಾರು?" ಎಂದರು.

ಶಸ್ತ್ರಚಿಕಿತ್ಸೆ ಅಂದು ನಡೆಯಲಿಲ್ಲ. ವೈದ್ಯರು ಮಾಡಿದ್ದು ಸರಿಯಾಗಿಯೇ ಇತ್ತು. ಮೊಣಕಾಲು, ಸೊಂಟದ ಶಸ್ತ್ರಚಿಕಿತ್ಸೆಗಳಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಿನ ಭಾಗವನ್ನು ಮರಗಟ್ಟಿಸುವುದು ರೂಢಿ. ರಕ್ತ ತೆಳುವಾಗಿರುವಾಗ ಹಾಗೆ ಚುಚ್ಚಿದರೆ ಬೆನ್ನುಹುರಿಯ ಸುತ್ತ ರಕ್ತ ಸೇರಿ ನರಗಳನ್ನು ಒತ್ತಬಹುದು, ಕಾಲುಗಳ ಶಕ್ತಿಯೇ ಹೋಗಬಹುದು. ಆ ಮಾತ್ರೆಯ ಪರಿಣಾಮ ಇಳಿಯಲು ಸಾಮಾನ್ಯವಾಗಿ 5ರಿಂದ 7 ದಿನ ಬೇಕು. ಮೊದಲ ಭೇಟಿಯಲ್ಲೇ ಹೇಳಿದ್ದರೆ, ಮಗ ಊರಿಗೆ ಬರುವ ಮೊದಲೇ ಅದಕ್ಕೊಂದು ವ್ಯವಸ್ಥೆ ಆಗುತ್ತಿತ್ತು.

ಧರ್ಮಗುರುಗಳಾದ ನಮಗೆ ಶಸ್ತ್ರಚಿಕಿತ್ಸೆಯ ಜ್ಞಾನವಿಲ್ಲ. ಆದರೆ ವಾರ್ಡುಗಳಲ್ಲಿ ಓಡಾಡುವುದರಿಂದ ಒಂದು ಸಂಗತಿ ನನಗೆ ಮತ್ತೆ ಮತ್ತೆ ಕಂಡಿದೆ: ನಮ್ಮ ಜನರಿಗೆ ಶಸ್ತ್ರಚಿಕಿತ್ಸೆಯಲ್ಲಿ ಬರುವ ತೊಂದರೆಗಳಲ್ಲಿ ಅನೇಕವು ರೋಗಿ ಹೇಳದೆ ಉಳಿಸಿಕೊಂಡ ಮಾತಿನಿಂದ, ಇಲ್ಲವೇ ಮನೆಯವರು ಮಾಡಿದ ವಿಳಂಬದಿಂದ ಬಂದವು. ಪಾಪನಿವೇದನೆಗೆ ಹೋಗುವ ಮೊದಲು ಆತ್ಮಶೋಧನೆ ಮಾಡಿಕೊಳ್ಳುವ ಅಭ್ಯಾಸ ನಮಗಿದೆ. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲೂ ಅಂಥದ್ದೊಂದು ಬೇಕು. ಈ ಲೇಖನವನ್ನು ಮೂಳೆ ಅಥವಾ ಬೆನ್ನಿನ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವ ಧರ್ಮಕೇಂದ್ರದ ಬಾಂಧವರಿಗಾಗಿ, ಅವರನ್ನು ಭೇಟಿ ಮಾಡುವ ಗುರಿಕಾರರು ಮತ್ತು ಸೇವಾ ಕಾರ್ಯಕರ್ತರಿಗಾಗಿ ಬರೆದಿದ್ದೇನೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಬಳಿ ಯಾವ ಮಾತು ಎತ್ತಬೇಕು ಎಂಬುದಕ್ಕೆ ಒಂದು ನೆರವು ಅಷ್ಟೆ.

ಕಾಯಬಹುದಾದದ್ದು, ಕಾಯಬಾರದ್ದು

ಎಲ್ಲ ಶಸ್ತ್ರಚಿಕಿತ್ಸೆಗಳೂ ಒಂದೇ ಅವಸರದವಲ್ಲ. ಸವೆದ ಮೊಣಕಾಲಿನ ಕೀಲು ಬದಲಾವಣೆ ಯೋಜಿತ ಶಸ್ತ್ರಚಿಕಿತ್ಸೆ. ಹಬ್ಬ, ಮಗಳ ಮದುವೆ, ಮಳೆಗಾಲ ಎಲ್ಲವನ್ನೂ ಲೆಕ್ಕ ಹಾಕಿ ದಿನ ಗೊತ್ತುಮಾಡಬಹುದು. ಬೆನ್ನಿನ ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುವ ತೊಂದರೆಯಲ್ಲಿಯೂ ಬಹುಪಾಲು ಮಂದಿಗೆ 6ರಿಂದ 12 ವಾರಗಳಲ್ಲಿ ಔಷಧ, ವ್ಯಾಯಾಮಗಳಿಂದಲೇ ಗುಣ ಕಾಣುತ್ತದೆ. ಎಂ.ಆರ್.ಐ. ವರದಿಯಲ್ಲಿ "ಡಿಸ್ಕ್ ಉಬ್ಬಿದೆ" ಎಂದು ಬರೆದದ್ದನ್ನು ಕಂಡ ಕೂಡಲೇ ಹೆದರಬೇಕಾಗಿಲ್ಲ. ಯಾವ ನೋವೂ ಇಲ್ಲದ ಅನೇಕರ ಬೆನ್ನಿನಲ್ಲಿಯೂ ಹಾಗೆ ಕಾಣುವುದುಂಟು.

ಆದರೆ ಎರಡು ಸಂದರ್ಭಗಳಲ್ಲಿ ಕಾಯುವುದು ದೊಡ್ಡ ತಪ್ಪು.

ಮೊದಲನೆಯದು, ವಯಸ್ಸಾದವರು ಬಚ್ಚಲಲ್ಲೋ ಅಂಗಳದಲ್ಲೋ ಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿದುಕೊಳ್ಳುವುದು. ಇಂಥ ಮುರಿತಕ್ಕೆ ಸಾಧ್ಯವಾದಷ್ಟು ಬೇಗ, ದಾಖಲಾದ ದಿನ ಅಥವಾ ಮರುದಿನ, ಹೆಚ್ಚೆಂದರೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಇಂದು ಎಲ್ಲೆಡೆ ಒಪ್ಪಿರುವ ಮಾತು. ಹಾಸಿಗೆಯಲ್ಲಿ ಮಲಗಿದ ಒಂದೊಂದು ದಿನವೂ ನ್ಯುಮೋನಿಯಾ, ಬೆನ್ನಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಸಂತ ಎರಡನೇ ಜಾನ್ ಪೌಲರು 1994ರ ಏಪ್ರಿಲ್ 28ರ ರಾತ್ರಿ ಸ್ನಾನದ ಕೋಣೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮರುದಿನವೇ ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರಿಗೆ ಕೃತಕ ಕೀಲು ಅಳವಡಿಸಲಾಯಿತು. ನಮ್ಮಲ್ಲಿ ಏನಾಗುತ್ತದೆ? "ದೊಡ್ಡ ಮಗ ದುಬೈಯಿಂದ ಬರಲಿ, ಅವನು ಬಾರದೆ ಸಹಿ ಹಾಕುವುದು ಹೇಗೆ" ಎಂದು ನಾಲ್ಕು ದಿನ ಕಳೆಯುತ್ತದೆ. ರೋಗಿಗೆ ಪ್ರಜ್ಞೆಯಿದ್ದರೆ ಸಹಿ ಅವರದೇ. ಮಗನಿಗೆ ಫೋನಿನಲ್ಲಿ ಹೇಳಿದರೆ ಸಾಕು. ಈ ವಿಷಯದಲ್ಲಿ ಮನೆಯವರನ್ನು ಒಪ್ಪಿಸುವ ಕೆಲಸ ಗುರಿಕಾರರಿಂದ ಆಗಬಹುದು.

ಎರಡನೆಯದು ಬೆನ್ನಿಗೆ ಸಂಬಂಧಿಸಿದ್ದು. ಬೆನ್ನುನೋವಿನ ಜೊತೆ ಮೂತ್ರ ಬಾರದಿರುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಜಾಗ ಮರಗಟ್ಟುವುದು, ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರಿಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಚಿಕೆಯಿಂದ ಈ ಲಕ್ಷಣಗಳನ್ನು ಹೇಳದೆ, ಬೆನ್ನು ತಿಕ್ಕುವವರ ಬಳಿ ವಾರ ಕಳೆದವರ ಮೂತ್ರದ ಹಿಡಿತ ಮತ್ತೆ ಬಾರದೆ ಉಳಿಯಬಹುದು.

ಒಪ್ಪುವ ಮೊದಲು ಕೇಳಬೇಕಾದದ್ದು

ಶಸ್ತ್ರಚಿಕಿತ್ಸೆಗೆ ಒಪ್ಪುವುದೂ ಒಪ್ಪದಿರುವುದೂ ರೋಗಿಗೆ ಬಿಟ್ಟದ್ದು. ದಿವಂಗತ ಪೋಪ್ ಫ್ರಾನ್ಸಿಸರು ಮೊಣಕಾಲು ನೋವಿನಿಂದ 2022ರಲ್ಲಿ ಗಾಲಿಕುರ್ಚಿಗೆ ಬಂದಾಗಲೂ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. 2021ರ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಪಡೆದ ಅರಿವಳಿಕೆಯಿಂದ ತಮಗಾದ ತೊಂದರೆಯೇ ಅದಕ್ಕೆ ಕಾರಣವೆಂದು ಅವರೇ ಹೇಳಿದ್ದರು. ಎಲ್ಲರೂ ಹಾಗೆ ಮಾಡಬೇಕೆಂದು ಇದರ ಅರ್ಥವಲ್ಲ. ತಿಳಿದು ನಿರ್ಧರಿಸಬೇಕು ಎಂದಷ್ಟೆ.

ವೈದ್ಯರೊಡನೆ ಕೇಳಿ: ಮಾಡುವುದೇನು? ಮಾಡಿಸದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೇ? ನನ್ನ ನೋವಿನಲ್ಲಿ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಡಿಸ್ಕ್ ಶಸ್ತ್ರಚಿಕಿತ್ಸೆಯಿಂದ ಕಾಲಿಗೆ ಇಳಿಯುವ ನೋವು ಚೆನ್ನಾಗಿ ಕಡಿಮೆಯಾಗುತ್ತದೆ. ಬರೀ ಬೆನ್ನುನೋವಿನ ಬಗ್ಗೆ ಅಷ್ಟು ಭರವಸೆ ಕೊಡಲಾಗದು. ಮೊಣಕಾಲಿನ ಕೃತಕ ಕೀಲುಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆಯೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಆದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಐವರಲ್ಲಿ ಒಬ್ಬರಷ್ಟು ಮಂದಿಗೆ ಪೂರ್ಣ ತೃಪ್ತಿ ಇರುವುದಿಲ್ಲವೆಂಬುದೂ ವೈದ್ಯರಿಗೆ ಗೊತ್ತಿರುವ ಸಂಗತಿ. ಪಕ್ಕದ ಮನೆಯವರು ಹೇಗೆ ನಡೆಯುತ್ತಿದ್ದಾರೆಂದು ನೋಡಿ ನಿರ್ಧರಿಸುವುದಕ್ಕಿಂತ ಇದನ್ನು ತಿಳಿದು ನಿರ್ಧರಿಸುವುದು ಮೇಲು.

ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಅದೂ ಒಂದು ಹಕ್ಕು. ಎಕ್ಸ್‌ರೇ, ಎಂ.ಆರ್.ಐ. ಚಿತ್ರಗಳನ್ನು ಕೇಳಿ ಪಡೆದು ಜೋಪಾನವಾಗಿಡಿ.

ಖರ್ಚಿನ ಮಾತನ್ನೂ ಮೊದಲೇ ಆಡಿ. ಮೊಣಕಾಲಿನ ಕೃತಕ ಕೀಲಿಗೆ 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಗರಿಷ್ಠ ಬೆಲೆ ಗೊತ್ತುಮಾಡಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ಜಿ.ಎಸ್.ಟಿ. ಬಿಟ್ಟು 54,720 ರೂಪಾಯಿ. ಕೀಲಿನ ಕಂಪೆನಿಯ ಹೆಸರು, ಬ್ಯಾಚ್ ಸಂಖ್ಯೆ, ಬೆಲೆಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕೆಂದೂ ಆ ಆದೇಶದಲ್ಲಿತ್ತು. ಕೀಲಿನ ಪೆಟ್ಟಿಗೆಯ ಸ್ಟಿಕ್ಕರನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿಕೊಡುವಂತೆ ಕೇಳಿ. ಹದಿನೈದು ವರ್ಷಗಳ ನಂತರ ಏನಾದರೂ ತೊಂದರೆಯಾದರೆ ಅದೇ ಬೇಕಾಗುವುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವವರು, ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರಬೇಕು. ದಾಖಲಾದ ಮೇಲೆ ಓಡಾಡುವುದರ ಬದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕಂಡು ವಿಚಾರಿಸಿ. ಖಾಸಗಿ ವಿಮೆ ಇದ್ದವರು ತಮ್ಮ ಪಾಲಿಸಿಯನ್ನು ಬಿಚ್ಚಿ ಓದಬೇಕು. ಕೀಲು ಬದಲಾವಣೆಗೆ ಎರಡು ಮೂರು ವರ್ಷ ಕಾಯಬೇಕೆಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ.

ಮುಚ್ಚಿಡಬಾರದ ವಿಷಯಗಳು

ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ತೊಟ್ಟೆಯಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಇದು ಸುಲಭ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್, ಇತ್ತೀಚೆಗೆ ಬಂದಿರುವ ಎಪಿಕ್ಸಾಬಾನ್, ರಿವರೊಕ್ಸಾಬಾನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ನೀವಾಗಿ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಏಕಾಏಕಿ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುವ ಅಪಾಯವಿದೆ. ಮೂಳೆ ತಜ್ಞರೂ ಹೃದಯ ತಜ್ಞರೂ ಕೂಡಿ ನಿರ್ಧರಿಸಬೇಕಾದ ವಿಷಯ ಅದು.

ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಈಗ ನಮ್ಮ ಕಡೆ ಬಹಳ ಬಳಕೆಯಲ್ಲಿವೆ. ಇವುಗಳನ್ನು ಶಸ್ತ್ರಚಿಕಿತ್ಸೆಗೆ ಸುಮಾರು 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸವಿರುವಾಗ ಇವುಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚಬಹುದು, ಅದೂ ಸಕ್ಕರೆಯ ಅಂಕಿ ಅಷ್ಟೇನೂ ಏರದೆ. ತೂಕ ಇಳಿಸಲು ವಾರಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ.

"ಇಂಗ್ಲಿಷ್ ಮದ್ದು ಏನೂ ಇಲ್ಲ, ಗಂಟುನೋವಿಗೆ ಒಂದು ಪುಡಿ ಮಾತ್ರ" ಎನ್ನುವವರಿದ್ದಾರೆ. ಆ ಪುಡಿಯೇ ಮುಖ್ಯ ವಿಷಯವಾಗಿರಬಹುದು. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಕೆಲವು ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆ ಇರುವುದುಂಟು. ತಿಂಗಳುಗಟ್ಟಲೆ ಸೇವಿಸಿದವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡ ಕುಸಿಯಬಹುದು. ಗಾಯ ಮಾಯುವುದೂ ನಿಧಾನ. ಕಷಾಯ, ಲೇಹ್ಯ, ಬೆಳ್ಳುಳ್ಳಿ ಮಾತ್ರೆ ಯಾವುದಿದ್ದರೂ ಹೇಳಿ. ವೈದ್ಯರು ಬೈಯುತ್ತಾರೆಂದು ಹೆದರಬೇಡಿ, ಬೈದರೆ ಬೈಯಲಿ.

ಇನ್ನು ಮದ್ಯಪಾನದ ವಿಷಯ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕುಟುಂಬಗಳಲ್ಲಿ ಅತಿ ಹೆಚ್ಚು ಮುಚ್ಚಿಡುವುದು ಇದನ್ನೇ. "ಕುಡಿಯುತ್ತೀರಾ?" ಎಂದು ವೈದ್ಯರು ಕೇಳಿದಾಗ ಪತ್ನಿ ಪಕ್ಕದಲ್ಲಿರುತ್ತಾರೆ, ಕೆಲವೊಮ್ಮೆ ಧರ್ಮಗುರುಗಳೂ ಇರುತ್ತಾರೆ. "ಫಂಕ್ಷನ್‌ಗೆ ಮಾತ್ರ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ದಿನಾಲೂ ಕುಡಿಯುವ ದೇಹಕ್ಕೆ ಅದು ಒಮ್ಮೆಲೇ ಸಿಗದೆ ಹೋದರೆ ಎರಡನೇ ಮೂರನೇ ದಿನ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಮಂಚದಿಂದ ಎದ್ದು ಓಡುವುದು, ಅಪಸ್ಮಾರದಂಥ ಸೆಳೆತ ಇವೆಲ್ಲ ಬರಬಹುದು. ಹಿಂದಿನ ದಿನವಷ್ಟೇ ಸೊಂಟಕ್ಕೆ ಕಂಬಿ ಹಾಕಿಸಿಕೊಂಡವನು ಹಾಗೆ ಎದ್ದು ಬಿದ್ದರೆ ಏನಾಗಬಹುದೆಂದು ಊಹಿಸಿ. ಮೊದಲೇ ತಿಳಿದಿದ್ದರೆ ವೈದ್ಯರು ಬಿ1 ಜೀವಸತ್ವವನ್ನೂ ತಕ್ಕ ಔಷಧವನ್ನೂ ಆರಂಭಿಸಿ ಇದನ್ನು ತಡೆಯುತ್ತಾರೆ. ಎಷ್ಟು ಕುಡಿಯುತ್ತೀರೋ ಅಷ್ಟನ್ನೇ ಹೇಳಿ. ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಮೇಲ್ವಿಚಾರಣೆ ಬೇಕು. ಮನೆಯವರ ಎದುರು ಹೇಳಲು ಮುಜುಗರವಾದರೆ "ಡಾಕ್ಟ್ರೇ, ಒಬ್ಬನೇ ಮಾತಾಡಬೇಕು" ಎನ್ನಿ. ನಾನು ಅಲ್ಲಿದ್ದರೆ ನನ್ನನ್ನೂ ಹೊರಗೆ ಕಳುಹಿಸಿ.

ಬೀಡಿ, ಸಿಗರೇಟು, ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ನಸ್ಯ ಎಲ್ಲವೂ ಒಂದೇ. ಕನಿಷ್ಠ 4 ವಾರ ಮೊದಲು ಬಿಡಬೇಕು. ಬೆನ್ನಿನ ಎಲುಬುಗಳನ್ನು ಕಂಬಿ, ಸ್ಕ್ರೂ ಹಾಕಿ ಬೆಸೆಯುವ ಶಸ್ತ್ರಚಿಕಿತ್ಸೆಯಲ್ಲಿ ನಿಕೋಟಿನ್ ಮೂಳೆ ಕೂಡಿಕೊಳ್ಳುವುದನ್ನೇ ತಡೆಯುತ್ತದೆ. "ನಾನು ಸೇದುವುದಿಲ್ಲ, ಬರೀ ಜಗಿಯುವುದು" ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ.

ದೇಹವನ್ನು ಸಿದ್ಧಗೊಳಿಸುವುದು

ಕೃತಕ ಕೀಲಿಗೆ ದೊಡ್ಡ ಶತ್ರು ಸೋಂಕು. ಹುಳುಕು ಹಲ್ಲು, ಮೂತ್ರದ ಉರಿ, ಕಾಲಿನ ಹುಣ್ಣು ಇವುಗಳಿಂದ ಸೋಂಕು ರಕ್ತದ ಮೂಲಕ ಕೀಲಿಗೆ ತಲುಪಬಹುದು. ಆದ್ದರಿಂದ ಮೊದಲೇ ದಂತವೈದ್ಯರನ್ನು ಕಾಣಿ. ಮಳೆಗಾಲದಲ್ಲಿ ನಮ್ಮ ಗದ್ದೆ, ತೋಟದಲ್ಲಿ ಓಡಾಡುವವರ ಕಾಲ್ಬೆರಳ ಸಂದುಗಳು ಕೊಳೆತು ಹುಣ್ಣಾಗುತ್ತವೆ. ಅದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ, ಆದರೆ ಅದರಿಂದಾಗಿ ಶಸ್ತ್ರಚಿಕಿತ್ಸೆ ಮುಂದೂಡಬೇಕಾಗಬಹುದು. ಶಸ್ತ್ರಚಿಕಿತ್ಸೆಯ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿ. ಆಸ್ಪತ್ರೆಯಲ್ಲಿ ಬೇಕಿದ್ದರೆ ಕ್ಲಿಪ್ಪರಿನಿಂದ ಕತ್ತರಿಸುತ್ತಾರೆ.

ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 8ರ ಆಸುಪಾಸಿಗಿಂತ ಹೆಚ್ಚಿದ್ದರೆ ಅನೇಕ ವೈದ್ಯರು ಯೋಜಿತ ಶಸ್ತ್ರಚಿಕಿತ್ಸೆಯನ್ನು ಮುಂದೆ ಹಾಕುತ್ತಾರೆ. ರಕ್ತಹೀನತೆ ಇದ್ದರೆ ಕಬ್ಬಿಣಾಂಶದ ಔಷಧ ವಾರಗಳ ಮೊದಲೇ ಆರಂಭವಾಗಬೇಕು, ಹಿಂದಿನ ದಿನ ರಕ್ತ ಹುಡುಕುವುದರಲ್ಲಿ ಅರ್ಥವಿಲ್ಲ.

ಫಿಸಿಯೋಥೆರಪಿ ಶಸ್ತ್ರಚಿಕಿತ್ಸೆಯ ನಂತರದ ಕೆಲಸವೆಂದು ತಿಳಿದವರೇ ಹೆಚ್ಚು. ಮೊದಲೇ ಆರಂಭಿಸಿದರೆ ಲಾಭ. ಮಲಗಿ ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆಯ ಸ್ನಾಯು ಬಿಗಿಹಿಡಿಯುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ವಾಕರ್ ಹಿಡಿದು ನಡೆಯುವುದು ಇವನ್ನು ನೋವಿಲ್ಲದ ಮನಸ್ಸಿನಲ್ಲಿ ಕಲಿಯುವುದು ಸುಲಭ. ಮೊಣಕಾಲಿನ ರೋಗಿಯನ್ನು ಅದೇ ದಿನ ಅಥವಾ ಮರುದಿನವೇ ನಿಲ್ಲಿಸಿ ನಡೆಸುತ್ತಾರೆ. "ಪಾಪ, ಮಲಗಿರಲಿ" ಎಂಬ ಮನೆಯವರ ಕನಿಕರ ಇಲ್ಲಿ ಉಪಕಾರವಲ್ಲ. ಬೆನ್ನಿನ ರೋಗಿಗಳು ಹೆಗಲು, ಸೊಂಟ, ಕಾಲು ಒಟ್ಟಾಗಿ ಮರದ ದಿಮ್ಮಿ ಉರುಳಿದಂತೆ ಪಕ್ಕಕ್ಕೆ ಹೊರಳಿ, ಕೈಯೂರಿ ಏಳುವ ಕ್ರಮವನ್ನು ಮನೆಯ ಮಂಚದಲ್ಲೇ ಅಭ್ಯಾಸ ಮಾಡಲಿ.

ಮನೆ

ನಮ್ಮ ಹಳೆಯ ಮನೆಗಳು ಮೊಣಕಾಲಿನ ರೋಗಿಗೆ ಹೇಳಿಸಿದವಲ್ಲ. ಎತ್ತರದ ಹೊಸ್ತಿಲು, ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲು, ಅಂಗಳದಾಚೆ ಬಚ್ಚಲು. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು ಇದ್ದರೆ ದಾಖಲಾಗುವ ಮೊದಲೇ ಕಮೋಡ್ ಕುರ್ಚಿ ತರಿಸಿ. ಸ್ನಾನಕ್ಕೆ ಗಟ್ಟಿಯಾದ ಸ್ಟೂಲ್, ಗೋಡೆಗೆ ಹಿಡಿ, ರಾತ್ರಿ ಉರಿಯುವ ಸಣ್ಣ ದೀಪ, ಇಷ್ಟು ಸಾಕು. ಕಾಲಿಗೆ ತೊಡರುವ ಚಾಪೆ, ಕಾಲೊರಸುಗಳನ್ನು ಎತ್ತಿಡಿ. ರೋಗಿ ಅಡುಗೆ ಮಾಡುವವರಾದರೆ ನೆಲದ ಮೇಲಿನ ಪಾತ್ರೆ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ತನ್ನಿ. ವಾಕರ್, ಗಾಲಿಕುರ್ಚಿಗಳು ಒಬ್ಬರ ಮನೆಯಲ್ಲಿ ಮೂರು ತಿಂಗಳು ಬಳಕೆಯಾಗಿ ನಂತರ ಅಟ್ಟ ಸೇರುತ್ತವೆ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಇವನ್ನು ಸಂಗ್ರಹಿಸಿಟ್ಟು ಬೇಕಾದವರಿಗೆ ಕೊಡುವ ವ್ಯವಸ್ಥೆ ಮಾಡಿದರೆ ದೊಡ್ಡ ಉಪಕಾರ.

ಸಂಸ್ಕಾರಗಳು

ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ಬೇಕೇ ಎಂದು ಕೇಳಿದರೆ ಮನೆಯವರ ಮುಖ ಬಾಡುತ್ತದೆ. "ಅಷ್ಟು ಸೀರಿಯಸ್ಸಾ ಫಾದರ್?" ಕೊನೆಯುಸಿರಿನ ಹೊತ್ತಿಗೆ ಮಾತ್ರ ಕೊಡುವ ಎಣ್ಣೆ ಎಂಬ ಹಳೆಯ ಭಾವನೆ ಇನ್ನೂ ಹೋಗಿಲ್ಲ. ಇದು ಮರಣದ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. 1972ರಲ್ಲಿ ಆರನೇ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು. ಗಂಭೀರವಾದ ಶಸ್ತ್ರಚಿಕಿತ್ಸೆಗೆ ಮುನ್ನ ಇದನ್ನು ಸ್ವೀಕರಿಸುವುದು ಯುಕ್ತವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1515ನೇ ವಿಭಾಗದಲ್ಲಿದೆ, ವೃದ್ಧಾಪ್ಯದ ನಿಶ್ಶಕ್ತಿ ಹೆಚ್ಚಿದವರಿಗೂ ಇದೇ ಮಾತು. ಹಿಂದೊಮ್ಮೆ ಸ್ವೀಕರಿಸಿದವರು ಮತ್ತೆ ಗಂಭೀರವಾಗಿ ಅಸ್ವಸ್ಥರಾದರೆ ಪುನಃ ಸ್ವೀಕರಿಸಬಹುದು. ಆಸ್ಪತ್ರೆಯ ಗಡಿಬಿಡಿಯಲ್ಲಿ ಬೇಡ. ಹೊರಡುವ ಎರಡು ದಿನ ಮೊದಲು ಧರ್ಮಕೇಂದ್ರದಲ್ಲಿ ತಿಳಿಸಿ, ಪಾಪನಿವೇದನೆ ಮಾಡಿ, ಮನೆಯವರೆಲ್ಲ ಸೇರಿದ ಹೊತ್ತಿನಲ್ಲಿ ಸ್ವೀಕರಿಸಿ.

ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಕಡ್ಡಾಯವಲ್ಲ. ಆದರೆ ಶಸ್ತ್ರಚಿಕಿತ್ಸೆಯ ಉಪವಾಸ ಬೇರೆಯೇ ಸಂಗತಿ, ಅದಕ್ಕೆ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಚಹಾ, ಕಾಫಿ ಮತ್ತು ಗಂಜಿತಿಳಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೂ 6 ಗಂಟೆಯೇ. ನಿಮ್ಮ ಆಸ್ಪತ್ರೆ ಹೇಳಿದ ಸಮಯವೇ ಅಂತಿಮ. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಪರಮಪ್ರಸಾದವನ್ನು ಹಿಂದಿನ ಸಂಜೆ ಸ್ವೀಕರಿಸುವುದೇ ಸರಳ. ಬೆಳಿಗ್ಗಿನ ಬಿ.ಪಿ. ಮಾತ್ರೆಗಳಲ್ಲಿ ಯಾವುದನ್ನು ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಬರೆಸಿಕೊಳ್ಳಿ.

ಕರಿಮಣಿ, ಉಂಗುರ, ಶಿಲುಬೆಯ ಸರ, ವೆಂತಿಣ್ ಎಲ್ಲವನ್ನೂ ತೆಗೆದು ಮನೆಯವರ ಕೈಗೆ ಕೊಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣದಿಂದ ಲೋಹ ಮುಟ್ಟಿದ ಜಾಗ ಸುಡಬಹುದು, ಬೆರಳು ಊದಿದರೆ ಉಂಗುರ ಕತ್ತರಿಸಬೇಕಾಗಬಹುದು. ತೆಗೆದರೆ ರಕ್ಷಣೆ ತಪ್ಪಿತೆಂದು ಕೊರಗುವವರಿದ್ದಾರೆ. ದೇವರ ಕೃಪೆ ದಾರದಲ್ಲಿ ಕಟ್ಟಿಟ್ಟದ್ದಲ್ಲ. ಎಚ್ಚರವಾದ ಮೇಲೆ ಮತ್ತೆ ಹಾಕಿಕೊಂಡರಾಯಿತು. ವಯಸ್ಸಾದವರ ಕನ್ನಡಕ, ಕಿವಿಯ ಯಂತ್ರಗಳನ್ನು ಮಾತ್ರ ಎಚ್ಚರವಾದ ಕೂಡಲೇ ಕೊಡಬೇಕು. ಕಾಣದೆ, ಕೇಳದೆ ಇದ್ದರೆ ಅವರಿಗೆ ದಿಕ್ಕು ತಪ್ಪಿದಂತಾಗಿ ಏನೇನೋ ಬಡಬಡಿಸುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ಯೇಸುವಿಗೆ ಒಪ್ಪಿಸುತ್ತೇನೆಂದು ನೋವಿನ ಮಾತ್ರೆ ಬೇಡವೆನ್ನುವ ಭಕ್ತರೂ ಇದ್ದಾರೆ. ಅವರ ಭಕ್ತಿಗೆ ಗೌರವವಿದೆ. ಆದರೆ ನೋವು ಶಮನದ ಔಷಧ ಪಡೆಯುವುದು ನ್ಯಾಯವೇ ಎಂದು ಅರಿವಳಿಕೆ ತಜ್ಞರೇ ಕೇಳಿದಾಗ, ಹನ್ನೆರಡನೇ ಪಿಯುಸರು 1957ರ ಫೆಬ್ರವರಿ 24ರಂದು ಅದು ನ್ಯಾಯವೆಂದೇ ಉತ್ತರ ಕೊಟ್ಟಿದ್ದಾರೆ. ನೋವು ತಡೆಯದೆ ಮೊಣಕಾಲು ಮಡಿಸದೇ ಇದ್ದವರಿಗೆ ಕೀಲು ಬಿಗಿದುಕೊಳ್ಳುತ್ತದೆ. ಅರಿವಳಿಕೆ ಇಲ್ಲದ ಕಾಲದಲ್ಲಿ, 1521ರ ಪಾಂಪ್ಲೋನಾ ಯುದ್ಧದಲ್ಲಿ ಮುರಿದ ತನ್ನ ಕಾಲನ್ನು ಲೊಯೋಲದ ಸಂತ ಇಗ್ನಾಸಿಯವರು ಮತ್ತೊಮ್ಮೆ ಮುರಿಸಿ ಕೂಡಿಸಿಕೊಂಡರು, ಹೊರಚಾಚಿದ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ನಮ್ಮಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ಅವರು ಮಲಗಿದ್ದಾಗ ಓದಿದ್ದನ್ನು ಬೇಕಿದ್ದರೆ ಅನುಸರಿಸಬಹುದು: ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ.

ಆ ದಿನ, ಮತ್ತು ನಂತರ

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನಿಮ್ಮ ಹೆಸರು, ಯಾವ ಕಾಲು, ಯಾವ ಶಸ್ತ್ರಚಿಕಿತ್ಸೆ ಎಂದು ನಾಲ್ಕು ಮಂದಿ ನಾಲ್ಕು ಸಲ ಕೇಳುತ್ತಾರೆ. "ಇವರಿಗೆ ಇಷ್ಟೂ ಗೊತ್ತಿಲ್ಲವೇ" ಎಂದು ಬೇಸರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯ ಕ್ರಮ ಅದು. ಸರಿಯಾದ ಕಾಲಿಗೆ ಪೆನ್ನಿನ ಗುರುತು ಹಾಕಿದ್ದಾರೆಯೇ ಎಂದು ನೀವೇ ನೋಡಿಕೊಳ್ಳಿ. ಹಾಕಿಲ್ಲದಿದ್ದರೆ ಕೇಳಿ.

ಭೇಟಿಗೆ ಹೋಗುವವರು ಮೊದಲ ಎರಡು ದಿನ ಹೋಗದಿದ್ದರೆ ಒಳ್ಳೆಯದು. ವಾಳೆಯವರೆಲ್ಲ ಒಟ್ಟಾಗಿ ಹೋಗಿ ಮಂಚದ ಸುತ್ತ ನಿಂತರೆ ಸೋಂಕಿನ ಅಪಾಯ. ಶೀತ, ಕೆಮ್ಮು ಇದ್ದವರು ಹೋಗಲೇಬಾರದು. ಅದರ ಬದಲು ರಾತ್ರಿ ಜೊತೆಗಿರಲು, ಡ್ರೆಸ್ಸಿಂಗಿಗೆ ಕರೆದೊಯ್ಯಲು, ಮನೆಗೆ ಊಟ ಕಳುಹಿಸಲು ಸರದಿ ಮಾಡಿಕೊಳ್ಳಿ. ಮೊದಲು ಹೇಳಿದ ಆ ಬಾಯಿಯವರಿಗೆ ಶಸ್ತ್ರಚಿಕಿತ್ಸೆಯಾದದ್ದು ಸೆಪ್ಟೆಂಬರಿನಲ್ಲಿ, ಮಗ ಕುವೈತಿಗೆ ಮರಳಿದ ಮೇಲೆ. ಅವರ ವಾಳೆಯ ಮೂವರು ಹೆಂಗಸರು ಸರದಿಯಲ್ಲಿ ರಾತ್ರಿ ಉಳಿದರು. ಕ್ರಿಸ್ಮಸ್ ಬಲಿಪೂಜೆಗೆ ಅವರು ಕೋಲು ಹಿಡಿದು ಬಂದಿದ್ದರು.

ಬಂದವರು ಮೊಣಕಾಲೂರಲಾಗದೆ ಸುತ್ತಲಿನವರನ್ನು ನೋಡಿ ಸಂಕೋಚಪಡುತ್ತಿದ್ದುದನ್ನು ಗಮನಿಸಿದೆ. ಆರೋಗ್ಯದ ಕಾರಣವಿರುವವರು ಮೊಣಕಾಲೂರಬೇಕಾಗಿಲ್ಲವೆಂದು ಬಲಿಪೂಜೆಯ ನಿಯಮಗಳಲ್ಲೇ ಇದೆ, ಕುಳಿತೇ ಇರಬಹುದು. ಧರ್ಮಕೇಂದ್ರದ ಪಾಲನಾ ಮಂಡಳಿಗಳಿಗೆ ನನ್ನದೊಂದು ಕೋರಿಕೆ ಇದೆ. ಮುಂದಿನ ಸಭೆಯ ದಿನ ನಿಮ್ಮ ಚರ್ಚಿನ ಪಕ್ಕದ ಬಾಗಿಲ ಬಳಿ ಹೋಗಿ ನಿಂತು ನೋಡಿ. ಮೆಟ್ಟಿಲುಗಳಿಗೆ ಹಿಡಿಯಲು ಕಂಬಿ ಇಲ್ಲದಿದ್ದರೆ ಒಂದು ಹಾಕಿಸಿ, ಕೈಯಿರುವ ನಾಲ್ಕು ಎತ್ತರದ ಕುರ್ಚಿಗಳನ್ನು ಆ ಬಾಗಿಲ ಹತ್ತಿರ ಇರಿಸಿ.